ಹಾಲಿನ ಕ್ಯಾನಿಗೆ ನಾನು ಹಾಕಿದ ರಬ್ಬರು

ಮೊನ್ನೆ ಮಿರಜದ ಪೇಟೆಯಲ್ಲಿ ಕುಕ್ಕರಿಗೆ ಹೊಸ ರಬ್ಬರು ಕೊಂಡೆ. ಅಂಗಡಿಯವನು ಅಳತೆ ಸರಿಯೇ ನೋಡಿ ಎಂದರೆ ನಾನು ಅದನ್ನು ಮೂಗಿಗೆ ಹಿಡಿದು ನಿಂತಿದ್ದೆ. ಹೊಸ ರಬ್ಬರಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಕಾಣೆ. ನನಗಂತೂ ನಾನು ಗೆದ್ದ ಒಂದು ವಾದ ನೆನಪಾಗಿ ಕಿವಿ ಬಿಸಿಯಾಗುತ್ತದೆ.

ಆಗ ನಾನು ಸಾಂಗಲಿಯಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆಯ ಕಪ್ಪುಗಳು ಕಪಾಟು ತುಂಬಿದ್ದವು. ಸಾರಿಗೆ ಉಪ್ಪು ಕಡಿಮೆ ಎನ್ನುವುದಕ್ಕೂ ನನ್ನ ಬಳಿ ಮೂರು ಕಾರಣಗಳಿರುತ್ತಿದ್ದವು. ನನ್ನ ಚಿಕ್ಕಪ್ಪ, ಅಂದರೆ ಕಾಕಾ, ಕುಪವಾಡದ ಶೆಡ್ಡಿನಲ್ಲಿ ಹಾಲಿನ ದರ ಕಟ್ಟಲು ಅದರ ಫ್ಯಾಟ್ (ಜಿಡ್ಡು) ಅಳೆಯುವ ಯಂತ್ರ ಮಾಡುತ್ತಿದ್ದರು. ಊರೂರಿಗೆ ಹಾಲಿನ ಸೊಸೈಟಿ ಹುಟ್ಟುತ್ತಿದ್ದ ಕಾಲ, ಕೆಲಸಕ್ಕೆ ಬರವಿರಲಿಲ್ಲ. ಆದರೆ ಲಿಂಗನೂರಿನ ಕಡೆಯ ಒಂದು ಸೊಸೈಟಿಯಲ್ಲಿ ಯಂತ್ರ ಒಂದೇ ಹಾಲಿಗೆ ಒಮ್ಮೆ ಆರು, ಒಮ್ಮೆ ಮೂರು ಎನ್ನತೊಡಗಿತು. ಎಮ್ಮೆ ಸಾಕಿದ್ದ ತಾಯವ್ವ ಮುಖದ ಮೇಲೆ ಹೇಳಿಬಿಟ್ಟಳು: "ನೀವು ಸೆಕ್ರೆಟರಿ ಜೋಡಿ ಕೂಡೀರಿ. ಮಷಿನ್ನಿನಾಗ ಮೋಸ ಐತಿ."

ಕಾಕಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಸಕ್ಕರೆ ಕಾರ್ಖಾನೆಯ ಜೀಪು ಬಂದು ವೈರ್‌ಲೆಸ್ಸಿನಲ್ಲಿ ಮಾತಾಡಿದಾಗಲೇ ಅಂಕಿ ಕುಣಿಯುತ್ತದೆಂದು ಅವರ ಅನುಮಾನ. ತೋರಿಸಿಕೊಡಲು ರೇಡಿಯೋ ಅಲೆ ನುಗ್ಗದ ಜಾಗ ಬೇಕು. ಅಂಥ ಕೋಣೆ ಪುಣೆಯಲ್ಲಿತ್ತು; ಬಾಡಿಗೆ ಕೇಳಿಯೇ ಕಾಕಾ ಫೋನು ಇಟ್ಟರು. ಅದರ ಬದಲು ಅಲ್ಯುಮಿನಿಯಂ ಹಾಲಿನ ಕ್ಯಾನೊಂದನ್ನು ತಂದು, ಯಂತ್ರದ ಎಲೆಕ್ಟ್ರಾನಿಕ್ ಹೊಟ್ಟೆಯನ್ನು ಬ್ಯಾಟರಿ ಸಮೇತ ಒಳಗಿಟ್ಟು, ಅಲೆ ತಾಕದಿದ್ದರೆ ಆರೇ ತೋರಿಸುವಂತೆ ಮಾಡಿದರು. ಅಂಕಿ ಕಾಣಲು ಬೆರಳಗಾತ್ರದ ತೂತು.

"ಬೆಳಕು ಬರೂ ತೂತಿನಾಗ ಅಲೆ ಬರಂಗಿಲ್ಲೇನ್ರಿ?" ನಾನು ಕೆಣಕಿದೆ.

"ಸಣ್ಣ ತೂತಿನಾಗ ಅದು ಹಿಡಿಸಂಗಿಲ್ಲೋ. ಉದ್ದನ ಸಂದಿ ಇರಬಾರದು, ಅಷ್ಟ."

ನಾನು ಉತ್ತರ ಕೇಳುವವನಲ್ಲ, ಪ್ರಶ್ನೆ ಕೇಳುವವನು.

ಸೊಸೈಟಿಯ ಪಡಸಾಲೆಯಲ್ಲಿ ಜನ ಸೇರಿದರು. ಕಾಕಾ ಜೀಪಿನವನನ್ನು ಕರೆಯಲು ಹೋಗಿದ್ದರು. ಕ್ಯಾನಿನ ಮುಚ್ಚಳ ನೋಡಿದೆ: ರಬ್ಬರೇ ಇಲ್ಲ, ಆ ಜಾಗದಲ್ಲಿ ಯಾವುದೋ ತಾಮ್ರದ ತಂತಿಯ ಹರಕು ಪಟ್ಟಿ! ನಮ್ಮ ಕಡೆ ರಬ್ಬರಿಲ್ಲದೆ ಯಾರಾದರೂ ಕ್ಯಾನು ಮುಚ್ಚುತ್ತಾರೆಯೇ? ಪಟ್ಟಿಯನ್ನು ಕಿತ್ತು ಕಿಟಕಿಯಲ್ಲಿಟ್ಟು, ಸೊಸೈಟಿಯ ಹೊಸ ರಬ್ಬರೊಂದನ್ನು ತುರುಕಿ ಬಿಗಿಯಾಗಿ ಮುಚ್ಚಿದೆ.

ಜೀಪು ಮಾತಾಡಿತು. ಆರು, ಮೂರು, ಒಂಬತ್ತು. ನನ್ನ ಬಾಯಿ ನನಗಿಂತ ಮುಂದೆ ಓಡಿತು: "ಅಲೆ ಬರದ ಡಬ್ಬಿಯೊಳಗೂ ಅಂಕಿ ಕುಣಿದರ, ತಪ್ಪು ಹೊರಗಿಂದಲ್ಲ. ಮಷಿನ್ನಿಂದ!" ಯಾರೋ ಚಪ್ಪಾಳೆ ತಟ್ಟಿದರು. "ಹಂಗಾರ ಮಷಿನ್ ಒಯ್ರಿ," ಎಂದರು ಸೆಕ್ರೆಟರಿ. ಕಾಕಾ ಕ್ಯಾನನ್ನೇ ನೋಡುತ್ತ ನಿಂತಿದ್ದರು.

ತಾಯವ್ವ ಮಾತ್ರ ಮುಚ್ಚಳ ಕಿತ್ತು ಮೂಸಿದಳು. "ಹೊಸಾ ರಬ್ಬರ್ ಯಾಕ ಕೆಡಿಸೀರಿ? ಹಾಲು ಚೆಲ್ಲಬಾರದಂತ ಹಾಕೂದಿದು. ಇದರಾಗ ಹಾಲು ಎಲ್ಲೈತಿ?"

ಕಾಕಾ ಕಿಟಕಿಯತ್ತ ಹೋಗಿ ಪಟ್ಟಿ ತಂದರು. "ತಪ್ಪಾತ್ರಿ ಅಕ್ಕಾ. ಇದನ್ನ ಹಾಕೂದು ನಾನಾ ಮರತೇನಿ. ರಬ್ಬರ್ ಇದ್ರ ಸುತ್ತಾ ಸಂದಿ ಬಿಟ್ಟಂಗ. ಲೋಹಕ್ಕ ಲೋಹ ತಾಕಬೇಕು."

ಮತ್ತೆ ಮುಚ್ಚಿದರು. ಈ ಸಲ ತಾಯವ್ವ ಯಾರನ್ನೂ ನಂಬಲಿಲ್ಲ, ತಾನೇ ಜೀಪು ಹತ್ತಿ ಮೈಕು ಕಸಿದಳು: "ಏ ಮಷಿನ್ನಾ, ಈಗ ಖರೇ ಹೇಳ!" ಆರು ಆರಾಗಿಯೇ ಕೂತಿತ್ತು. ಇಳಿದು ಕಾಕಾನ ಬಳಿ ಬಂದು, "ನಿಮ್ಮನ್ನ ಸುಮ್ಮನ ಅಂದೆ ಅಣ್ಣಾ," ಎಂದಳು. ಆಮೇಲೆ ಅಲೆ ತಡೆಯಲು ಯಂತ್ರಕ್ಕೆ ತಗಡಿನ ಅಂಗಿ ಬಂತು.

ಮೊನ್ನೆ ಅಂಗಡಿಯ ಮೆಟ್ಟಿಲ ಮೇಲಿಂದಲೇ ಫೋನು ಮಾಡಿದೆ. "ಕಾಕಾ, ಆ ರಬ್ಬರ್ ಹಾಕಿದಾಂವ ನಾನ್ರಿ."

"ಗೊತ್ತೈತೋ. ಮುಂಜಾನಿ ಕೂತು ಪಟ್ಟಿ ಸುತ್ತಿದಾಂವ ನಾ ಮರೀತೇನೇನು?"

"ಮತ್ತ ಅವತ್ತ ಯಾಕ ಹೇಳಲಿಲ್ರಿ?"

"ನನ್ನ ಮ್ಯಾಗಿನ ಸಂಶೇ ಇಳಸಾಕ ಹೊಂಟಿದ್ದೆ. ಅದನ್ನ ಎತ್ತಿ ನಿನ್ನ ತಲಿ ಮ್ಯಾಗ ಇಡಬೇಕಿತ್ತೇನು?"

ಮನೆಗೆ ಬಂದು ಕುಕ್ಕರಿಗೆ ರಬ್ಬರು ಹಾಕಿದೆ. ಮುಚ್ಚುವ ಮೊದಲು ಒಳಗೆ ಬೇಳೆ ಇದೆಯೇ ಎಂದು ನೋಡಿಕೊಂಡೆ.