ದೊಡ್ಡಮ್ಮನ ಎದೆಯೂ ನನ್ನ ಲ್ಯಾಮಿನೇಶನ್ನೂ

ನೆನ್ನೆ ಸಹಕಾರನಗರದ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಯಾರದೋ ಮಾರ್ಕ್ಸ್ ಕಾರ್ಡು ಲ್ಯಾಮಿನೇಶನ್ ಯಂತ್ರದಿಂದ ಮಿರಮಿರ ಮಿಂಚುತ್ತ ಹೊರಗೆ ಬರುತ್ತಿತ್ತು. ಆ ವಾಸನೆಗೆ ಈಗಲೂ ನನ್ನ ಅಂಗೈ ಬೆವರುತ್ತದೆ. ನಗಬೇಡಿ, ಕಾರಣವಿದೆ. ಏಳೆಂಟು ವರ್ಷದ ಹಿಂದೆ ಇಂಥದೇ ಯಂತ್ರದೊಳಗೆ ನಾನು ನಮ್ಮ ದೊಡ್ಡಮ್ಮನ ಹೃದಯವನ್ನು ತೂರಿಸಿದ್ದೆ.

ನಮ್ಮ ವಂಶಕ್ಕೆ ಕಾಗದದ ಹುಚ್ಚು ಅಂಟಿದ್ದು ಕೊಡಿಗೇಹಳ್ಳಿಯ ಹೊಲಗಳೆಲ್ಲ ಲೇಔಟ್ ಆದ ಮೇಲೆ. ರಾಗಿ ಕಾಯುತ್ತಿದ್ದವರು ಖಾತಾ, ಪಹಣಿ ಕಾಯತೊಡಗಿದರು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನಾನು ಸಹಜವಾಗಿಯೇ ಮನೆತನದ ದಾಖಲೆ ಪಂಡಿತನಾದೆ. ಯಾವ ಕಾಗದ ಕೈಗೆ ಸಿಕ್ಕಿದರೂ ಮೊದಲು ಲ್ಯಾಮಿನೇಶನ್, ಆಮೇಲೆ ಓದುವುದು. ನನ್ನ ಲಗ್ನಪತ್ರಿಕೆಗೂ ಮಾಡಿಸಿದ್ದೇನೆ; ಹೆಂಡತಿ ಅದರ ಮೇಲೆ ಸಾರಿನ ಪಾತ್ರೆ ಇಡುತ್ತಾಳೆ.

ದೊಡ್ಡಮ್ಮನಿಗೆ ಕಾಗದ ಗೊತ್ತಿರಲಿಲ್ಲ, ಎದೆ ಗೊತ್ತಿತ್ತು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಬಾಡಿಗೆ ಬರುವ ನಾಲ್ಕು ಅಂತಸ್ತಿನ ಕಟ್ಟಡದ ಒಡತಿಯಾದರೂ ಬಾಯಲ್ಲಿ ಮಾತ್ರ ಹಳ್ಳಿ ಹಾಗೇ ಉಳಿದಿತ್ತು.

“ಎದೇಲಿ ಕೋಳಿ ಕೆದರ್ದಂಗೆ ಆಯ್ತದೆ ಕಣ್ಲಾ,” ಎನ್ನುತ್ತಿದ್ದಳು.

ಕಾರು ಹತ್ತಿಸಿಕೊಂಡು ಹೆಬ್ಬಾಳದ ಫ್ಲೈಓವರಿನ ಜಾತ್ರೆಯಲ್ಲಿ ತೆವಳಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೋಳಿ ಗೂಡು ಸೇರಿರುತ್ತಿತ್ತು. ಇಸಿಜಿ ತೆಗೆದರೆ ಗೆರೆಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಮೂರು ಸಲ ಹೀಗೇ ಆಯಿತು. ಅವಳ ಸೊಸೆ, “ಹಬ್ಬದ ಕೆಲಸ ಬಂದಾಗ್ಲೇ ಬರುತ್ತೆ ಅತ್ತೇಗೆ,” ಎಂದಳು. ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವ ನಿವೃತ್ತರೆಲ್ಲ ಹುಟ್ಟು ಹೃದಯತಜ್ಞರು. ರೋಗಿಯನ್ನು ನೋಡದೆಯೇ ಗ್ಯಾಸ್ ಎಂದು ತೀರ್ಪು ಕೊಟ್ಟರು. ನಾನೂ ಗಂಭೀರವಾಗಿ ಹೋಗಿ, “ಗ್ಯಾಸ್ ಕಣ್ ದೊಡ್ಡಮ್ಮ, ಅವರೆಕಾಳು ಕಮ್ಮಿ ಮಾಡು,” ಎಂದೆ. ಅವಳು ಅವರೆಕಾಳು ಬಿಟ್ಟಳು. ಎದೆಯ ವಿಷಯ ಹೇಳುವುದನ್ನೂ ಬಿಟ್ಟಳು. ಪರವಾಗಿಲ್ಲ, ವಾಸಿಯಾಯಿತು ಎಂದುಕೊಂಡೆವು ನಾವು ಬುದ್ಧಿವಂತರು.

ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದವಳು ಕಾಂಪೌಂಡು ಹಿಡಿದು ಕೂತುಬಿಟ್ಟಳು. ಮುಖವೆಲ್ಲ ಬೆವರು. ಪುಣ್ಯಕ್ಕೆ ಬೀದಿಯ ತುದಿಯಲ್ಲೇ ವಯಸ್ಸಾದ ಡಾಕ್ಟರೊಬ್ಬರ ಕ್ಲಿನಿಕ್ಕು. ಅವರು ಓಬೀರಾಯನ ಕಾಲದ ಯಂತ್ರದಿಂದ ಇಸಿಜಿ ತೆಗೆದರು. ಕೋಳಿ ಕೊನೆಗೂ ಕೈಗೆ ಸಿಕ್ಕಿತು.

“ಇಲ್ ನೋಡಿ,” ಎಂದರು ಡಾಕ್ಟರು. “ಈ ಎತ್ತರದ ಗೆರೆಗಳ ಮಧ್ಯದ ಅಂತರ ಎಲ್ಲಾ ಸಮ ಇರ್ಬೇಕು. ಇಲ್ಲಿ ಒಂದಕ್ಕೊಂದು ತಾಳೇನೇ ಇಲ್ಲ. ಪ್ರತಿ ಗೆರೆಗೂ ಮುಂಚೆ ಸಣ್ಣ ಉಬ್ಬು ಬರ್ಬೇಕು, ಅದೂ ಇಲ್ಲ. ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಹಿಂಡೋ ಬದ್ಲು ನಡುಗ್ತಾವೆ. ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದ್ರೆ ಲಕ್ವ ಹೊಡಿಯುತ್ತೆ. ರಕ್ತ ತೆಳು ಮಾಡೋ ಮಾತ್ರೆ ಬೇಕಾಗುತ್ತೆ, ಆದ್ರೆ ಪುರಾವೆ ಇಲ್ದೆ ಯಾರೂ ಕೊಡಲ್ಲ. ನಾಳೆ ಬೆಳಿಗ್ಗೆನೇ ಹಾರ್ಟ್ ಡಾಕ್ಟರ್ಗೆ ತೋರ್ಸಿ. ಈ ಕಾಗದ ಜೋಪಾನ.”

ಜೋಪಾನ ಎಂಬ ಮಾತನ್ನು ಅವರು ನನಗೆ ಹೇಳಬಾರದಿತ್ತು.

ಅರ್ಧ ಗಂಟೆ ದೊಡ್ಡಮ್ಮನನ್ನು ಮಲಗಿಸಿದರು, ಎದೆ ತಹಬಂದಿಗೆ ಬಂತು. ಆ ಅರ್ಧ ಗಂಟೆಯಲ್ಲಿ ನಾನು ತಜ್ಞನಾಗಿದ್ದೆ. ಅವಳನ್ನು ಮನೆಗೆ ಬಿಟ್ಟು ಪಾರ್ಕಿಗೆ ಹೋಗಿ ಕಾಗದ ಬಿಡಿಸಿ ಹಿಡಿದು, ಉಬ್ಬು ಎಲ್ಲಿ, ಅಂತರ ಎಲ್ಲಿ ಎಂದು ಗ್ಯಾಸ್ ಪಕ್ಷದವರಿಗೆಲ್ಲ ಪಾಠ ಮಾಡಿದೆ. ಕೈಯಿಂದ ಕೈಗೆ ಹೋಗಿ ಕಾಗದ ಸುಕ್ಕಾಯಿತು. ಸೀದಾ ಜೆರಾಕ್ಸ್ ಅಂಗಡಿಗೆ ನಡೆದೆ. ಒಂದು ಪ್ರತಿ ತೆಗೆಸುವ ಬುದ್ಧಿಯಾದರೂ ಬರಬೇಕಿತ್ತಲ್ಲ? “ಚೆನ್ನಾಗಿ ಕಾಯ್ಸಿ ಹಾಕಪ್ಪ, ಗಾಳಿ ನಿಲ್ಬಾರ್ದು,” ಎಂದೆ. ಆ ಕಡೆಯಿಂದ ಒಳಗೆ ಹೋದದ್ದು ದೊಡ್ಡಮ್ಮನ ಎದೆ, ಈ ಕಡೆಯಿಂದ ಹೊರಗೆ ಬಂದದ್ದು ಅಮಾವಾಸ್ಯೆ.

“ಅಯ್ಯೋ ಸಾರ್, ಇದು ಬಿಸಿಗೆ ಕಪ್ಪಾಗೋ ಪೇಪರ್ರು! ಮೊದ್ಲೇ ಹೇಳ್ಬಾರ್ದಾ?” ಎಂದು ಅಂಗಡಿಯವನು ನನ್ನನ್ನೇ ಬೈದ.

ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಬಾಗಿಲು ಹಾಕಿ ಬಾಗಲೂರಿಗೆ ಮದುವೆಗೆ ಹೋಗಿದ್ದರು, ಫೋನೂ ಎತ್ತಲಿಲ್ಲ. ಹಾರ್ಟ್ ಡಾಕ್ಟರಿಗೆಂದು ಅವರು ಬರೆದುಕೊಟ್ಟಿದ್ದ ಚೀಟಿ ತೆಗೆದು ಓದಿದೆ. ‘ಜೊತೆಗಿರುವ ಇಸಿಜಿ ನೋಡಿ’ ಎಂದಷ್ಟೇ ಇತ್ತು. ದೊಡ್ಡಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡಾಸ್ಪತ್ರೆಯಲ್ಲಿ ತೆಗೆದ ಇಸಿಜಿ ಎಂದಿನಂತೆ ಚೊಕ್ಕ. ಹೃದಯದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಇದು ಎಕ್ಸ್‌ರೇನಾ?” ಎಂದರು.

“ಇದೇನ್ಲಾ, ಸೀದೋದ ರೊಟ್ಟಿ ಇದ್ದಂಗೈತೆ?” ಎಂದಳು ದೊಡ್ಡಮ್ಮ. ಮರುಗಳಿಗೆಯಲ್ಲೇ ಅವಳಿಗೆ ಅರ್ಥವಾಯಿತು. ಬೈಯಲಿಲ್ಲ, ತಲೆ ತಗ್ಗಿಸಿದಳು.

ನಾನು ಗಾಬರಿಯಿಂದ ಅಂತರ, ಉಬ್ಬು, ನಡುಕ ಎಂದು ಭಾಷಣ ಶುರು ಮಾಡಿದೆ. ಡಾಕ್ಟರು ಕೈ ಅಡ್ಡ ಹಿಡಿದು, “ನೀವು ಸ್ವಲ್ಪ ಸುಮ್ನಿರಿ ಸಾರ್,” ಎಂದವರೇ ಅವಳ ಕಡೆ ತಿರುಗಿದರು. “ಅಮ್ಮಾ, ಎದೆ ಹೆಂಗ್ ಹೊಡ್ಕೊಳ್ಳುತ್ತೆ? ಈ ಟೇಬಲ್ ಮೇಲೆ ಬಡಿದು ತೋರ್ಸಿ. ಹೀಗಾ?” ಎಂದು ಬೆರಳಿನಿಂದ ಬಿರುಸಾಗಿ, ಸಮವಾಗಿ ತಟ್ಟಿದರು.

“ಊಹೂಂ. ಅದು ಲೆಕ್ಕಕ್ಕೆ ಸಿಕ್ಕಾಕಿಲ್ಲ ಕಣವ್ವಾ.” ದೊಡ್ಡಮ್ಮ ಬೆರಳ ಗಂಟಿನಿಂದ ಬಡಿದಳು. ಎರಡು ಬೇಗಬೇಗ, ಒಂದು ತಡವಾಗಿ, ಮತ್ತೆ ಮೂರು ಒಂದರ ಮೇಲೊಂದು, ಆಮೇಲೆ ಏನೂ ಇಲ್ಲ, ಮತ್ತೆ ಒಂದು. ಕಣ್ಣು ಮುಚ್ಚಿ ಒಂದು ನಿಮಿಷ ಬಡಿದಳು. ನಾನು ಪಾರ್ಕಿನಲ್ಲಿ ಹಿಡಿದು ಮೆರೆಸಿದ ಕಾಗದ ಸಾಲುಸಾಲಾಗಿ ಆ ಟೇಬಲ್ಲಿನಿಂದ ಕೇಳಿಸುತ್ತಿತ್ತು. ಇಷ್ಟು ದಿನ ಅದನ್ನು ಅವಳ ಹತ್ತಿರ ಕೇಳಿದವರೇ ಇರಲಿಲ್ಲ.

ಡಾಕ್ಟರು ಅವಳ ಎದೆಗೆ ಒಂದಿಡೀ ದಿನ ಗೆರೆ ಬರೆದುಕೊಳ್ಳುವ ಪುಟ್ಟ ಯಂತ್ರ ಕಟ್ಟಿ ಕಳಿಸಿದರು. ಅದೇ ಸಂಜೆ ನೀರಿನ ಮೋಟರ್ ಆಫ್ ಮಾಡದ ಬಾಡಿಗೆದಾರನ ಜೊತೆ ಜಗಳವಾಡುತ್ತಿದ್ದಾಗ ಕೋಳಿ ಕೆದರಿತು, ಯಂತ್ರ ಬರೆದುಕೊಂಡಿತು. ರಕ್ತ ತೆಳು ಮಾಡುವುದಕ್ಕೊಂದು, ಬಡಿತ ಹತೋಟಿಗೊಂದು ಮಾತ್ರೆ ಸಿಕ್ಕಿತು.

ಚೀಟಿ ಹಿಡಿದು ಆಟೋದಲ್ಲಿ ಬರುವಾಗ ದೊಡ್ಡಮ್ಮ ನಗುತ್ತಿದ್ದಳು. “ಖುಷಿ ಆಯ್ತೈತೆ ಕಣ್ಲಾ.”

“ಕಾಯಿಲೆ ಇದೆ ಅಂದ್ರು ದೊಡ್ಡಮ್ಮ!”

“ಊಂ ಕಣ್ಲಾ. ನಾನ್ ಸುಳ್ಳಿ ಅಲ್ಲ ಅಂತ ಆಯ್ತಲ್ಲ.”

ಅವಳನ್ನು ಸುಳ್ಳಿ ಮಾಡಿದವರಲ್ಲಿ ನಾನೇ ಮೊದಲಿಗ. ನನಗೆ ಅಳು ಬಂತು. ಹೆಬ್ಬಾಳದ ಧೂಳು ಎಂದು ಸುಳ್ಳು ಹೇಳಿ ಕಣ್ಣೊರೆಸಿಕೊಂಡೆ.

ಇದೆಲ್ಲ ನೆನಪಾಗಿ ನೆನ್ನೆ ಅಂಗಡಿಯಿಂದ ನೇರ ಅವಳ ಮನೆಗೆ ಹೋದೆ. ಎಂಬತ್ತು ದಾಟಿದೆ, ಗಟ್ಟಿಯಾಗಿದ್ದಾಳೆ. ಮುಂಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅದೂ ಇದೂ ಮಾತಾಡುತ್ತ, ಒಂದು ವಾರದಿಂದ ಮೆಟ್ಟಿಲು ಹತ್ತಿದರೆ ನನ್ನ ಎದೆ ಹಿಂಡಿದ ಹಾಗಾಗುತ್ತಿದೆ ಎಂದು ನಗುನಗುತ್ತಲೇ ಹೇಳಿಬಿಟ್ಟೆ. ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಏನು ಉತ್ತರ ಬರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ದೊಡ್ಡಮ್ಮ ನಗಲಿಲ್ಲ. ಇಸಿಜಿ ತೆಗೆಸಿದೆಯಾ, ಕಾಗದ ಎಲ್ಲಿ ಎಂದು ಕೇಳಲಿಲ್ಲ. “ಅಷ್ಟೇನಿಲ್ಲ ಬಿಡು ದೊಡ್ಡಮ್ಮ,” ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ, ಗೇಟಿನ ಹೊರಗೆ ನಿಂತು ಆಟೋಗೆ ಕೈ ಅಡ್ಡ ಹಿಡಿದಿದ್ದಳು.