ನರ ಎಬ್ಬಿಸುವ ಮೆಷಿನ್

“ಸತ್ತ ನರಕೋಶಗಳೆಲ್ಲ ಎದ್ದು ಕೂತಿವೆ ನೋಡಿ!”

ಕೊಟ್ಟಿಗೆಹಾರದ ಹೋಟೆಲಿನ ಮುಂದೆ, ಪಾದ ಅದುರಿಸುವ ಮೆಷಿನ್ ಮಾರುತ್ತಿದ್ದವನು ಹೀಗೆ ಕೂಗಿದ. ಜೋಮು ಹಿಡಿದ ಕಾಲನ್ನು ಅದರ ಮೇಲಿಟ್ಟು ಕೂತಿದ್ದ, ಕಾಫಿ ತೋಟದ ಕೆಲಸದ ಗಿರಿಜಮ್ಮ ನಕ್ಕರು. ಕಾಲೆತ್ತಿದರೆ ಅಂಗಾಲಿನಲ್ಲಿ ಮುಳ್ಳು ಹೂತು ರಕ್ತ ಸೋರುತ್ತಿತ್ತು.

“ಅಯ್ಯೋ, ಯಾವಾಗ ಚುಚ್ತೋ, ಗೊತ್ತೇ ಆಗ್ಲಿಲ್ಲ ಮಾರಾಯ್ರೆ,” ಎಂದರು. ಅಂಗಾಲಿನಿಂದ ಬೆನ್ನುಹುರಿಯವರೆಗೆ ಉದ್ದಕ್ಕೆ ಬಾಲ ಚಾಚಿ ನೋವಿನ ಸುದ್ದಿ ಒಯ್ಯಬೇಕಾದ ನರಕೋಶವೇ ಸುಮ್ಮನಾಗಿತ್ತು.

ಆ ಭೂಪ ನಾಚಲಿಲ್ಲ. “ನೋವಿಲ್ಲ ಅಲ್ವಾ ಅಮ್ಮ? ಅದೇ ನಮ್ಮ ಮೆಷಿನ್ ಗುಣ!” ಎಂದ. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಗಿರಿಜಮ್ಮನನ್ನು ಆಸ್ಪತ್ರೆಗೆ ಕರೆದೊಯ್ದೆ.

ಇಪ್ಪತ್ತು ವರ್ಷ ಶಾಲೆಯಲ್ಲಿ ನರಕೋಶದ ಚಿತ್ರ ಬರೆಸಿದ ಮೇಷ್ಟ್ರು ನಾನು. ಚಪ್ಪಾಳೆ ತಟ್ಟಿದವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳೇ. ಆ ಚಿತ್ರಕ್ಕೆ ಇಬ್ಬರಿಗೂ ಪೂರ್ತಿ ಅಂಕ ಕೊಟ್ಟಿದ್ದೆ.