ನೀರಿಗೆ ಹಾಕಿದ ಮಡಲು

ಬಚ್ಚಲಮನೆಯಿಂದ ವಾಸನೆ ಬಂದಾಗಲೇ ನೆನಪಾದದ್ದು: ಮೊನ್ನೆ ಹಾಸಿಗೆಬಟ್ಟೆ ನೆನೆಹಾಕಿ, ‘ಆಮೇಲೆ ಒಗೆದರಾಯಿತು’ ಎಂದು ಪೇಪರು ಹಿಡಿದು ಕುಳಿತವನು ನಾನು. ಮನೆಯಾಕೆ ಊರಿನಲ್ಲಿಲ್ಲ, ಹಾಗಾಗಿ ಬೈಯುವವರೂ ಇಲ್ಲ. ಮೂಗು ಮುಚ್ಚಿಕೊಂಡು ಬಕೀಟಿನ ಎದುರು ನಿಂತರೆ, ನೀವು ನಂಬಬೇಕು, ನನಗೆ ಅಪ್ಪನ ನೆನಪು ಬಂತು.

ಅರವತ್ತರ ದಶಕದ ಮಾತು. ಮಾವಿನಕುರ್ವೆಯಲ್ಲಿ ನಮ್ಮ ಮನೆ. ಸುತ್ತ ಶರಾವತಿ, ಪಡುವಣಕ್ಕೆ ಸಮುದ್ರ. ಮಳೆಗಾಲದ ಗಾಳಿ ನೇರ ಪಡುಗೋಡೆಗೇ ಬಡಿಯುತ್ತಿತ್ತು. ಅದೋ ಮಣ್ಣಿನ ಗೋಡೆ. ಮೊದಲ ಮಳೆಗೆ ಮುಂಚೆ ತೆಂಗಿನ ಮಡಲು, ಅಂದರೆ ಗರಿ, ಹೆಣೆದು ಗೋಡೆಗೆ ಮರೆಯಾಗಿ ತಟ್ಟಿ ಕಟ್ಟಲೇಬೇಕು. ಅಪ್ಪನಿಗೆ ಹೆಣೆಯಲು ಬರುವುದಿಲ್ಲವೆಂದಲ್ಲ. ಅವನ ಕೈಯ ತಟ್ಟಿಯಲ್ಲಿ ಹನಿ ನುಗ್ಗುತ್ತಿರಲಿಲ್ಲ. ಶುರುಮಾಡಲು ಮಾತ್ರ ಬರುತ್ತಿರಲಿಲ್ಲ. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆ ನಮ್ಮ ಮನೆಯನ್ನು ನೋಡಿಯೇ ಹುಟ್ಟಿರಬೇಕು.

ಒಂದು ವರ್ಷ ಹೆರಿಗೆಗೆ ಬಂದ ಅಕ್ಕ ಹಸುಗೂಸಿನೊಂದಿಗೆ ಮಲಗಿದ್ದಳು. ಬಾಣಂತಿ ಕೋಣೆ ಇದ್ದದ್ದು ಆ ಪಡುಗೋಡೆಗೆ ತಾಗಿಯೇ. ಕೂಸಿಗೆ ಥಂಡಿಯಾದರೆ ಏನು ಗತಿ ಎಂದು ಆಯಿಗೆ, ಅಂದರೆ ನಮ್ಮಮ್ಮನಿಗೆ, ದಿಗಿಲು. ಮೋಡ ಕಟ್ಟುತ್ತಿತ್ತು, ಅಪ್ಪ ಎಲೆಯಡಿಕೆ ಜಗಿಯುತ್ತ ಮೋಡವನ್ನೇ ನೋಡುತ್ತಿದ್ದ.

ಆಯಿ ಜಗಳಾಡಲಿಲ್ಲ. ಅಂಗಳದ ಮಡಲನ್ನೆಲ್ಲ ಎಳೆದೊಯ್ದು ಹೊಳೆಯಂಚಿನ ನೀರಿಗೆ ತಳ್ಳಿ, ಮೇಲೆ ಕಲ್ಲು ಹೇರಿ ಬಂದಳು.

“ಮಡ್ಲು ನೀರಿಗೆ ಹಾಕಿ ಆತು.”

“ಎಂತಕ್ಕೆ ಇಷ್ಟು ಗಡಿಬಿಡಿ? ನಾಳೆ ಹಾಕಿದ್ರೆ ಆಗ್ತಿರ್ಲಿಲ್ವಾ?” ಎಂದ ಅಪ್ಪ.

“ನಾ ಬೇಕಾದ್ರೆ ನಾಳೆಗೆ ಕಾಯ್ತೆ. ನೀರಲ್ಲಿದ್ದದ್ದು ಕಾಯೂದಿಲ್ಲ.”

ನಿಜ. ಮಡಲು ನೆನೆದು ಮೆತ್ತಗಾದ ಹದದಲ್ಲೇ ಹೆಣೆಯಬೇಕು. ಬಿಟ್ಟರೆ ಕೊಳೆತು ನಾರುತ್ತದೆ. ಮೇಲೆತ್ತಿದ ಮೇಲಂತೂ ಹರಟೆಗೂ ಬಿಡುವಿಲ್ಲ, ಕೈಯಲ್ಲೇ ಒಣಗಿ ಮುರಿಯುತ್ತದೆ. ವಾಸನೆ ಏಳತೊಡಗಿದಾಗ ಅಪ್ಪ ಗೊಣಗುತ್ತಲೇ ಹೆಣೆಯಲು ಕೂತ. ದಾರಿಯಲ್ಲಿ ಹೋಗುವವರು “ಎಂತ ಸುದ್ದಿ?” ಎಂದರೂ ತಲೆಯೆತ್ತಲಿಲ್ಲ. ಅಂಥ ಅಪ್ಪನನ್ನು ನಾನು ನೋಡಿರಲೇ ಇಲ್ಲ.

ತಟ್ಟಿಯ ಕೊನೆಯ ಕಟ್ಟು ಬಿಗಿದ ಸಂಜೆಯೇ ಮಳೆ ಹೊಯ್ಯಿತು. ಅಪ್ಪ ಬಾಣಂತಿ ಕೋಣೆಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡಿದ. ಒಣಗಿಯೇ ಇತ್ತು. ಕೂಸು ನಿದ್ದೆಯಲ್ಲಿತ್ತು. ಆಯಿಯ ಮುಖ ನೋಡಿ ನನ್ನ ಎದೆಯೂ ಹಗುರಾಯಿತು.

“ಬರೂ ವರ್ಷವೂ ನೀನೇ ನೀರಿಗೆ ಹಾಕು, ಆತಾ?” ಎಂದ ಅಪ್ಪ.

ಬಕೀಟಿನ ಬಟ್ಟೆಯನ್ನು ಒಗೆದು, ಹಿಂಡಿ, ಹರವಿ ಬಂದೆ. ಏನು ಸಮಾಧಾನ ಅಂತೀರಿ! ಆ ಹುರುಪಿನಲ್ಲೇ, ವರ್ಷದಿಂದ ನನ್ನನ್ನು ದುರುಗುಟ್ಟಿ ನೋಡುತ್ತಿದ್ದ ಕಿಟಕಿಯ ಪರದೆಯನ್ನು ಇಳಿಸಿ ನೀರಿನಲ್ಲಿ ಮುಳುಗಿಸಿದೆ. ಇವತ್ತು ಪೇಪರು ಕಾಯಲಿ. ಅದು ನಾರುವುದಿಲ್ಲ.